ಹೆಸರು ಯಾರ ಸ್ವತ್ತು?

ಹೊಸದೊಂದು ಲೋಕ ಕಟ್ಟಲು ಕೂತ ಕಾದಂಬರಿಕಾರ ಬೆಟ್ಟ, ನದಿ, ರಾಜಧಾನಿಗಳನ್ನು ಒಂದು ಹಾಳೆಯ ಮೇಲೆ ಗೀಚಿ ಮುಗಿಸಬಹುದು. ಆದರೆ ಆ ಲೋಕದಲ್ಲಿ ಹುಟ್ಟಿದ ಮಗುವಿಗೆ ಹೆಸರಿಡುವವರು ಯಾರು, ಆ ಹೆಸರಿನ ಹಿಂದೆ ಮುಂದೆ ಏನೇನು ಸೇರಿಕೊಳ್ಳುತ್ತದೆ, ಯಾರು ಯಾರನ್ನು ಹೆಸರು ಹಿಡಿದು ಕರೆಯಬಹುದು, ಯಾವ ಜನ ಯಾವ ಜನರನ್ನು ಏನೆಂದು ಕರೆಯುತ್ತಾರೆ ಎಂಬುದನ್ನೆಲ್ಲ ತೀರ್ಮಾನಿಸುವಷ್ಟರಲ್ಲಿ ಅವನು ಆ ಲೋಕದ ಕಾನೂನಿನ ಅರ್ಧ ಪುಸ್ತಕ ಬರೆದಿರುತ್ತಾನೆ, ಎಷ್ಟೋ ಸಲ ತನಗೇ ತಿಳಿಯದ ಹಾಗೆ. ಇಂಥ ಕೃತಿಗಳ ಓದುಗರು ಹೆಸರುಗಳನ್ನು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಅಳೆಯುತ್ತಾರೆ. ಕಿವಿಗೆ ಒಪ್ಪುತ್ತವೆಯೇ, ಎಲ್ಲವೂ ಒಂದೇ ಭಾಷೆಯಿಂದ ಬಂದಂತೆ ಕೇಳಿಸುತ್ತವೆಯೇ ಎಂಬುದು ಒಂದು. ಸ್ವಲ್ಪ ರಾಜಕೀಯ ಪ್ರಜ್ಞೆಯುಳ್ಳವರು ಕೇಳುವ ಇನ್ನೊಂದು ಪ್ರಶ್ನೆ, ಹೆಸರಿಡುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು. ಎರಡನೆಯದು ಮೊದಲನೆಯದಕ್ಕಿಂತ ಮೇಲು, ನಿಜ. ಆದರೂ ಅದು ಸಾಲದು. ತೊಟ್ಟಿಲಲ್ಲಿ ಮಲಗಿ ಯಾರೂ ತಮ್ಮ ಹೆಸರನ್ನು ತಾವೇ ಇಟ್ಟುಕೊಳ್ಳುವುದಿಲ್ಲ. ಹೆಸರೆಂದರೇ ಬೇರೆಯವರು ಕೊಟ್ಟದ್ದು. ಕೊಟ್ಟವರು ಯಾರೆಂದು ಮಾತ್ರ ಹುಡುಕುತ್ತ ಹೋದರೆ ಎಲ್ಲ ಸಮಾಜಗಳೂ ಒಂದೇ ತರಹ ಕಾಣತೊಡಗುತ್ತವೆ. ಕಲ್ಪಿತ ಸಮಾಜಗಳಲ್ಲಿ ಯಾವುದು ಮನುಷ್ಯರು ಬಾಳಬಹುದಾದದ್ದು, ಯಾವುದು ಅಲ್ಲ ಎಂಬುದನ್ನು ತೋರಿಸಿಕೊಡುವುದು ಮೂರನೆಯ ಪ್ರಶ್ನೆ: ಇಟ್ಟ ಹೆಸರಿನ ಮೇಲೆ ಇಡಿಸಿಕೊಂಡವರಿಗೆ ಏನು ಹಕ್ಕು ಉಳಿದಿದೆ? ಅವರು ಅದನ್ನು ಉಳಿಸಿಕೊಳ್ಳಬಹುದೇ, ಬಚ್ಚಿಡಬಹುದೇ, ಬೇಡವೆನ್ನಬಹುದೇ?

ಎಲ್ಲರೂ ಭೀಕರವೆಂದು ಒಪ್ಪುವ ಪದ್ಧತಿಯೊಂದರಿಂದ ಹೊರಡೋಣ. ರಷ್ಯದ ಯೆವ್ಗೆನಿ ಝಮ್ಯಾತಿನ್ 1920-21ರಲ್ಲಿ ಬರೆದ ‘ನಾವು’ ಕಾದಂಬರಿಯಲ್ಲಿ ಹೆಸರುಗಳೇ ಇಲ್ಲ. ಕಥೆ ಹೇಳುವ ಎಂಜಿನಿಯರ್ ಡಿ-503. ಅವನ ಪಾಲಿಗೆ ಗೊತ್ತಾದ ಹೆಣ್ಣು ಓ-90. ಅವನ ನೆಮ್ಮದಿ ಕೆಡಿಸಿ ಬಂಡಾಯದ ಕಡೆಗೆ ಎಳೆಯುವವಳು ಐ-330. ಗಂಡಸರಿಗೆ ವ್ಯಂಜನ ಮತ್ತು ಬೆಸ ಸಂಖ್ಯೆ, ಹೆಂಗಸರಿಗೆ ಸ್ವರ ಮತ್ತು ಸಮ ಸಂಖ್ಯೆ. ಜನರನ್ನು ಅಲ್ಲಿ ಅಂಕಿಗಳು ಎಂದೇ ಕರೆಯುತ್ತಾರೆ. ಪುಸ್ತಕ ಮೊದಲು ಅಚ್ಚಾದದ್ದು 1924ರಲ್ಲಿ, ಇಂಗ್ಲಿಷ್ ಅನುವಾದವಾಗಿ. ಲೇಖಕನ ಸ್ವಂತ ನಾಡಿನಲ್ಲಿ ಅದು ಬೆಳಕು ಕಾಣಲು 1988ರವರೆಗೆ ಕಾಯಬೇಕಾಯಿತು. ಮನುಷ್ಯನ ಹೆಸರು ಕಿತ್ತು ನಂಬರು ಕೊಡುವುದೇ ದಬ್ಬಾಳಿಕೆಯ ತುತ್ತತುದಿ ಎಂಬ ಭಾವನೆಯನ್ನು ಬೇರೂರಿಸಿದ ಕೃತಿಗಳಲ್ಲಿ ಇದು ಮೊದಲನೆಯ ಸಾಲಿನದು. ಆಮೇಲೆ ಬಂದ ಎಷ್ಟೋ ಕಥೆ, ಸಿನಿಮಾಗಳು ಇದನ್ನೇ ಎರವಲು ಪಡೆದಿವೆ. ಆದರೆ ಕಾದಂಬರಿಯೊಳಗೆ ನಡೆಯುವುದು ಬೇರೆಯೇ. ಡಿ-503ನ ಕಣ್ಣಿಗೆ ಓ-90 ತನ್ನ ಅಕ್ಷರದಷ್ಟೇ ದುಂಡಗೆ, ಮುದ್ದಾಗಿ ಕಾಣುತ್ತಾಳೆ. ಐ-330 ಎಂಬ ಗುರುತನ್ನು ಬರೆಯುವಾಗ ಅವನ ಕೈ ನಡುಗುವುದು ಓದುಗನಿಗೆ ಗೊತ್ತಾಗುತ್ತದೆ. ಆ ನಂಬರು ಒಬ್ಬಳದೇ, ಇನ್ನಾರದೂ ಅಲ್ಲ. ಆದ್ದರಿಂದಲೇ ಅದರೊಳಗೆ ಪ್ರೀತಿ, ಭಯ, ಹೊಟ್ಟೆಕಿಚ್ಚು ಎಲ್ಲವೂ ನುಸುಳಿಕೊಳ್ಳುತ್ತವೆ. ಸಂಖ್ಯೆ ಅವಮಾನಕರ ಇರಬಹುದು, ಆದರೆ ಹೆಸರಿನ ಕೆಲಸವನ್ನು ಅದು ಮಾಡಬಲ್ಲದು.

ಹೆಸರಿನ ಹಾಗೆಯೇ ಕಾಣಿಸುತ್ತ ಹೆಸರಿನ ಕೆಲಸ ಮಾಡದ ಪದ್ಧತಿ ಇದಕ್ಕಿಂತ ಘೋರ. ಮಾರ್ಗರೆಟ್ ಆಟ್‌ವುಡ್ ಅವರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ (1985) ಕಾದಂಬರಿಯ ಗಿಲಿಯಡ್ ಎಂಬ ರಾಷ್ಟ್ರದಲ್ಲಿ ದೊಡ್ಡವರ ಮನೆಗೆ ಮಕ್ಕಳನ್ನು ಹೆತ್ತುಕೊಡಲು ನೇಮಿಸಿದ ಹೆಂಗಸರಿಗೆ ಯಜಮಾನನ ಹೆಸರಿನಿಂದಲೇ ಹೆಸರು. ಫ್ರೆಡ್‌ನ ಮನೆಯವಳು ಆಫ್‌ಫ್ರೆಡ್, ಗ್ಲೆನ್‌ನ ಮನೆಯವಳು ಆಫ್‌ಗ್ಲೆನ್, ವಾರೆನ್‌ನ ಮನೆಯವಳು ಆಫ್‌ವಾರೆನ್. ಒಂದು ದಿನ ಕಥೆ ಹೇಳುವವಳು ಪೇಟೆಗೆ ಹೊರಟು, ದಿನವೂ ಜೊತೆಗೆ ಬರುವ ಗೆಳತಿಗಾಗಿ ಮೂಲೆಯಲ್ಲಿ ಕಾಯುತ್ತಾಳೆ. ಅದೇ ಕೆಂಪು ನಿಲುವಂಗಿ, ಅದೇ ಬಿಳಿ ಮುಸುಕು. ಹತ್ತಿರ ಬಂದಾಗ ನೋಡಿದರೆ ಮುಖ ಬೇರೆ. ಆಫ್‌ಗ್ಲೆನ್ ಎಲ್ಲಿ, ಇಷ್ಟು ಬೇಗ ವರ್ಗವಾಯಿತೇ ಎಂದು ಹುಷಾರಾಗಿ ಕೇಳಿದರೆ, ಬಂದವಳು ತಾನೇ ಆಫ್‌ಗ್ಲೆನ್ ಎನ್ನುತ್ತಾಳೆ. ಸುಳ್ಳೇನೂ ಅಲ್ಲ. ಕಾದಂಬರಿಯಲ್ಲಿ ಗಲ್ಲು, ಚಿತ್ರಹಿಂಸೆ ಎಲ್ಲ ಇವೆ, ಆದರೆ ನನ್ನ ಮಟ್ಟಿಗೆ ಇದಕ್ಕಿಂತ ತಣ್ಣಗಿನ ಕ್ರೌರ್ಯ ಅದರಲ್ಲಿಲ್ಲ. ಬಾಡಿಗೆ ಮನೆಯ ಬಾಗಿಲ ಮೇಲಿನ ಫಲಕದ ಹಾಗೆ ಹೆಸರು ಅಲ್ಲೇ ಉಳಿಯಿತು, ಒಳಗಿದ್ದವಳು ಹೋದಳು. ಹೋದವಳನ್ನು ವಿಚಾರಿಸಲು ಯಾವ ಪದವೂ ಉಳಿಯಲಿಲ್ಲ, ಏಕೆಂದರೆ ಆ ಪದ ಈಗ ಎದುರಿಗೆ ನಿಂತವಳದು. ಡಿ-503 ಸತ್ತರೆ ಆ ನಂಬರು ಕಾಣೆಯಾದದ್ದಾದರೂ ತಿಳಿಯುತ್ತದೆ. ಆಫ್‌ಗ್ಲೆನ್ ಸತ್ತರೆ ಲೆಕ್ಕದಲ್ಲಿ ಏನೂ ಕಡಿಮೆಯಾಗುವುದಿಲ್ಲ. ಇತಿಹಾಸದಲ್ಲಿ ಎಲ್ಲೂ ನಡೆಯದಿದ್ದ ಯಾವುದನ್ನೂ ತಾನು ಇದರಲ್ಲಿ ಸೇರಿಸಿಲ್ಲ ಎಂದು ಆಟ್‌ವುಡ್ ಹೇಳಿದ್ದಾರೆ. ಗಂಡನ ಪೂರ್ಣ ಹೆಸರಿನ ಹಿಂದೆ ‘ಮಿಸೆಸ್’ ಹಚ್ಚಿಕೊಂಡು ಸ್ವಂತ ಹೆಸರನ್ನೇ ಕಳೆದುಕೊಂಡ ಲಕ್ಷಾಂತರ ಹೆಂಗಸರು ಪಶ್ಚಿಮದ ದೇಶಗಳಲ್ಲಿ ಇದ್ದರಲ್ಲ; ಗಿಲಿಯಡ್ ಅದನ್ನು ಇನ್ನೆರಡು ಹೆಜ್ಜೆ ಮುಂದಕ್ಕೆ ಒಯ್ದಿತು, ಅಷ್ಟೆ. ಇದಕ್ಕೆ ಎದುರಾಗಿ ಕಾದಂಬರಿಯ ಮೊದಲ ಅಧ್ಯಾಯದಲ್ಲೇ ಒಂದು ದೃಶ್ಯವಿದೆ. ಹಿಂದೆ ಶಾಲೆಯ ವ್ಯಾಯಾಮ ಮಂದಿರವಾಗಿದ್ದ ಜಾಗದಲ್ಲಿ ಕೂಡಿಹಾಕಿದ ಹೆಂಗಸರು ರಾತ್ರಿ ಮಂಚದಿಂದ ಮಂಚಕ್ಕೆ ತುಟಿಯಲ್ಲೇ ತಮ್ಮ ಹಳೆಯ ಹೆಸರುಗಳನ್ನು ದಾಟಿಸುತ್ತಾರೆ. ಕಥೆ ಹೇಳುವವಳ ಹೆಸರು ಯಾವುದೆಂದು ಕಾದಂಬರಿ ಕೊನೆಯವರೆಗೂ ಬಿಟ್ಟುಕೊಡುವುದಿಲ್ಲ. ಓದುಗರು ಲೆಕ್ಕ ಹಾಕಿ ಜೂನ್ ಎಂದರು, ಟೀವಿ ಸರಣಿ ಅದನ್ನೇ ಗಟ್ಟಿಮಾಡಿತು. ಸರಣಿಯವರಿಗೆ ಅದು ಅನಿವಾರ್ಯವಿರಬಹುದು; ಪುಸ್ತಕದಲ್ಲಿ ಮಾತ್ರ ಆ ಮೌನ ಅವಳ ಕೈಯಲ್ಲಿ ಉಳಿದ ಕೊನೆಯ ಆಸ್ತಿ.

ಹೆಸರಿನ ಅರ್ಥ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕೂ ಈ ಹಕ್ಕಿಗೂ ಸಂಬಂಧವಿಲ್ಲ ಎಂಬುದಕ್ಕೆ ಜಾರ್ಜ್ ಆರ್. ಆರ್. ಮಾರ್ಟಿನ್ ಕಟ್ಟಿದ ಲೋಕದಲ್ಲಿ ಒಳ್ಳೆಯ ಸಾಕ್ಷ್ಯವಿದೆ. ಅವರ ‘ಎ ಸ್ಟಾರ್ಮ್ ಆಫ್ ಸ್ವೋರ್ಡ್ಸ್’ (2000) ಸಂಪುಟದಲ್ಲಿ ಬರುವ ಅಸ್ತಪೋರ್ ನಗರದ ಗುಲಾಮ ಸೈನಿಕರಿಗೆ ದಿನಕ್ಕೊಂದು ಹೆಸರು. ದಿನವೂ ಒಂದು ಪಾತ್ರೆಯೊಳಗೆ ಕೈಹಾಕಿ ಒಂದು ಬಿಲ್ಲೆ ಎತ್ತಿಕೊಳ್ಳಬೇಕು. ಅದರಲ್ಲಿ ಬಂದ ಹೆಸರು ಆ ದಿನದ ಮಟ್ಟಿಗೆ ಅವನದು, ನಾಳೆ ಮತ್ತೆ ಪಾತ್ರೆಗೆ. ಹೆಸರುಗಳೂ ಇಲಿ, ಚಿಗಟ, ಹುಳುಗಳವು, ಅದಕ್ಕೊಂದೊಂದು ಬಣ್ಣ ಹಚ್ಚಿದವು. ಡೆನೇರಿಸ್ ಎಂಬ ರಾಣಿ ಅವರನ್ನು ಬಿಡುಗಡೆ ಮಾಡಿ, ಇನ್ನು ನಿಮ್ಮ ಹೆಸರು ನೀವೇ ಆರಿಸಿಕೊಳ್ಳಿ ಎನ್ನುತ್ತಾಳೆ. ಕೆಲವರು ಹುಟ್ಟಿದಾಗಿನ ಹೆಸರಿಗೆ ಮರಳುತ್ತಾರೆ, ಕೆಲವರು ವೀರರ, ದೇವರ ಹೆಸರು ಇಟ್ಟುಕೊಳ್ಳುತ್ತಾರೆ. ಅವರ ನಾಯಕ ಮಾತ್ರ ಗ್ರೇ ವರ್ಮ್, ಅಂದರೆ ಬೂದು ಹುಳು, ಎಂಬ ಹೆಸರನ್ನೇ ಉಳಿಸಿಕೊಳ್ಳುತ್ತಾನೆ. ಹುಟ್ಟಿದಾಗಿನ ಹೆಸರು ಗುಲಾಮನಾಗಿ ಸಿಕ್ಕಿಬಿದ್ದಾಗಿನದು, ಅಪಶಕುನದ್ದು. ಇದು ಬಿಡುಗಡೆಯಾದ ದಿನ ಪಾತ್ರೆಯಿಂದ ಬಂದದ್ದು ಎಂಬುದು ಅವನ ವಾದ. ತಂದೆತಾಯಿ ಪ್ರೀತಿಯಿಂದ ಇಟ್ಟ ಹೆಸರನ್ನು ಬಿಟ್ಟು, ಧಣಿಗಳು ಹೀಯಾಳಿಸಲು ಇಟ್ಟದ್ದನ್ನು ಹಿಡಿದುಕೊಂಡ ಇವನನ್ನು ಯಾರು ಹೆಸರಿಟ್ಟರು ಎಂಬ ಪ್ರಶ್ನೆಯಿಂದ ಅರ್ಥಮಾಡಿಕೊಳ್ಳಲಾಗದು. ನಮ್ಮ ಹಳ್ಳಿಗಳಲ್ಲಿ ಹುಟ್ಟಿದ ಮಕ್ಕಳೆಲ್ಲ ತೀರಿಕೊಂಡ ಮನೆಯಲ್ಲಿ ಬದುಕುಳಿಯಲೆಂದು ಮಗುವಿಗೆ ತಿಪ್ಪ, ಗುಂಡ ಎಂದು ಹೆಸರಿಡುತ್ತಿದ್ದುದನ್ನು ಬಲ್ಲವರಿಗೆ ಇದು ವಿಚಿತ್ರವೆನಿಸಲಾರದು. ತಿಪ್ಪೆಯ ಹೆಸರು ಅಲ್ಲಿ ಬೈಗುಳವಲ್ಲ, ಕಾವಲು.

ಎದುರು ಪಕ್ಷದ ಉದಾಹರಣೆಯೂ ಬೇಕಲ್ಲ. ಉರ್ಸುಲಾ ಲೆ ಗ್ವಿನ್ ಅವರ ‘ದಿ ಡಿಸ್ಪೊಸೆಸ್ಡ್’ (1974) ಕಾದಂಬರಿಯಲ್ಲಿ ಅನಾರಿಸ್ ಎಂಬ ಬರಡು ಗ್ರಹದ ಮೇಲೆ ಸರ್ಕಾರವಿಲ್ಲದ, ಖಾಸಗಿ ಆಸ್ತಿಯಿಲ್ಲದ ಸಮಾಜವೊಂದಿದೆ. ಅಲ್ಲಿ ಹೆಸರಿಡುವುದು ಕೇಂದ್ರ ದಾಖಲೆಯ ಕಂಪ್ಯೂಟರ್. ಶೆವೆಕ್, ಟಾಕ್ವೆರ್, ಸಾದಿಕ್: ಐದಾರು ಅಕ್ಷರದ, ಅರ್ಥವಿಲ್ಲದ, ಗಂಡು ಹೆಣ್ಣೆಂಬ ಭೇದವಿಲ್ಲದ ಹೆಸರುಗಳು. ಮನೆತನದ ಹೆಸರಿಲ್ಲ, ತಂದೆಯ ಹೆಸರಿಲ್ಲ. ಒಬ್ಬರು ಬದುಕಿರುವಷ್ಟು ಕಾಲ ಅದೇ ಹೆಸರು ಇನ್ನೊಬ್ಬರಿಗೆ ಇರುವಂತಿಲ್ಲ. ಪಕ್ಕದ ಸಿರಿವಂತ ಗ್ರಹಕ್ಕೆ ಹೋದ ಶೆವೆಕ್‌ನನ್ನು ಅಲ್ಲಿನ ಹೆಂಗಸೊಬ್ಬಳು ಮರುಕದಿಂದ ನೋಡುತ್ತಾಳೆ, ಹೆತ್ತವರು ಬಿಟ್ಟು ಯಂತ್ರ ಹೆಸರಿಡುವುದೇ ಎಂದು. ಜಗತ್ತಿನಲ್ಲಿ ಬೇರೆ ಯಾರಿಗೂ ಇಲ್ಲದ ಹೆಸರಿಗಿಂತ ಸ್ವಂತದ್ದು ಇನ್ಯಾವುದಿದೆ ಎಂಬರ್ಥದಲ್ಲಿ ಅವನು ಮರುಪ್ರಶ್ನೆ ಹಾಕುತ್ತಾನೆ. ಕೇಳುವುದಕ್ಕೆ ಇದು ಝಮ್ಯಾತಿನ್‌ನ ದುಃಸ್ವಪ್ನದಂತೆಯೇ ಇದೆ, ಯಂತ್ರ, ಪಟ್ಟಿ, ಅರ್ಥಹೀನ ಗುರುತು ಎಲ್ಲ ಸೇರಿ. ಆದರೂ ಅಲ್ಲಿ ಯಾರಿಗೂ ಉಸಿರುಕಟ್ಟುವುದಿಲ್ಲ, ಏಕೆಂದರೆ ಕೊಟ್ಟ ಮೇಲೆ ಆ ಹೆಸರನ್ನು ಹಿಡಿದುಕೊಂಡು ಯಾರೂ ಅವರನ್ನು ಎಳೆದಾಡುವುದಿಲ್ಲ. ಅದರಲ್ಲಿ ಜಾತಿ ಬರೆದಿಲ್ಲ, ಒಡೆಯ ಯಾರೆಂದು ಬರೆದಿಲ್ಲ, ಹೆತ್ತವರ ಕನಸೂ ಬರೆದಿಲ್ಲ. ಸ್ವತ್ತನ್ನೇ ಒಪ್ಪದ ಸಮಾಜದಲ್ಲಿ ಪೂರ್ತಿಯಾಗಿ ಒಬ್ಬರ ಸ್ವತ್ತಾದ ವಸ್ತು ಹೆಸರು ಮಾತ್ರ ಎಂಬ ವ್ಯಂಗ್ಯವನ್ನು ಲೆ ಗ್ವಿನ್ ಬೇಕೆಂದೇ ಇಟ್ಟಿರಬೇಕು.

ಲೆ ಗ್ವಿನ್ ಈ ವಿಷಯವನ್ನು ಬಿಡದೆ ಬೆನ್ನುಹತ್ತಿದವರು. ಅವರ ಅರ್ತ್‌ಸೀ ದ್ವೀಪಗಳ ಕಥೆಗಳಲ್ಲಿ ಪ್ರತಿಯೊಬ್ಬರಿಗೂ ಎರಡು ಹೆಸರು: ಊರೆಲ್ಲ ಕರೆಯುವುದೊಂದು, ಗುಟ್ಟಿನ ನಿಜನಾಮ ಇನ್ನೊಂದು. ನಿಜನಾಮ ಬಲ್ಲವನಿಗೆ ಆ ವ್ಯಕ್ತಿಯ ಮೇಲೆ ಹಿಡಿತ ಸಿಗುತ್ತದೆ. ಮೊದಲ ಪುಸ್ತಕದಲ್ಲಿ (1968) ಮೇಕೆ ಕಾಯುತ್ತಿದ್ದ ಡ್ಯೂನಿ ಎಂಬ ಹುಡುಗನಿಗೆ ಹದಿಮೂರನೆಯ ವಯಸ್ಸಿನಲ್ಲಿ ಓಗಿಯನ್ ಎಂಬ ಮಾಂತ್ರಿಕ ನದಿಯ ತಣ್ಣನೆ ನೀರು ದಾಟಿಸಿ ಗೆಡ್ ಎಂಬ ನಿಜನಾಮ ಕೊಡುತ್ತಾನೆ. ಲೋಕಕ್ಕೆ ಅವನು ಸ್ಪ್ಯಾರೋಹಾಕ್. ಇಲ್ಲೂ ಹೆಸರು ಬರುವುದು ಹಿರಿಯನ ಬಾಯಿಂದಲೇ. ಆದರೆ ಬಂದ ಗಳಿಗೆಯಿಂದ ಅದನ್ನು ಯಾರಿಗೆ ಹೇಳಬೇಕು, ಹೇಳಬಾರದು ಎಂಬುದು ಹೊತ್ತವನ ಇಷ್ಟ. ತನ್ನ ಅಹಂಕಾರದಿಂದ ದೊಡ್ಡ ಅನಾಹುತ ಮಾಡಿಕೊಂಡು ಎಲ್ಲರ ನಂಬಿಕೆ ಕಳೆದುಕೊಂಡ ಗೆಡ್‌ನ ಬಳಿಗೆ ಬಂದು ಅವನ ಗೆಳೆಯ ವೆಚ್ ತನ್ನ ನಿಜನಾಮ ಎಸ್ಟಾರಿಯಲ್ ಎಂದು ತಾನಾಗಿ ತಿಳಿಸುತ್ತಾನೆ. ಆ ಪುಸ್ತಕದಲ್ಲಿ ಸ್ನೇಹದ ಬಗ್ಗೆ ಇನ್ನೇನೂ ಹೇಳುವ ಅಗತ್ಯ ಬೀಳುವುದಿಲ್ಲ. ಹೇಳದೆ ಇರುವ ಹಕ್ಕು ಇದ್ದಲ್ಲಿ ಮಾತ್ರ ಹೇಳುವುದು ಕೊಡುಗೆಯಾಗುತ್ತದೆ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಗಂಡನ ಹೆಸರನ್ನು ಒಡಪಿನಲ್ಲಿ ಮರೆಮಾಡಿ ಹೇಳುವ ಸಂಪ್ರದಾಯ ಹೊರನೋಟಕ್ಕೆ ಇದರಂತೆಯೇ ಕಂಡರೂ ಒಳಗೆ ತಲೆಕೆಳಗು: ಅಲ್ಲಿ ಹೆಸರಿನ ಮೇಲೆ ಕಾವಲು ಗಂಡನದು, ಬಾಯಿ ಕಟ್ಟಿದ್ದು ಹೆಂಡತಿಯದು. ಒಡಪಿನ ಚಮತ್ಕಾರ ಆ ಕಟ್ಟನ್ನು ಸಡಿಲಿಸಲು ಹೆಂಗಸರು ಕಂಡುಕೊಂಡ ದಾರಿ. ಎರಡನೆಯ ಪುಸ್ತಕಕ್ಕೆ (1971) ಬಂದರೆ, ತೆನಾರ್ ಎಂಬ ಎಳೆಯ ಹುಡುಗಿಯನ್ನು ದೇಗುಲಕ್ಕೆ ತಂದು, ವಿಧಿಪೂರ್ವಕವಾಗಿ ಅವಳ ಹೆಸರು ಕಳೆದು, ಅರ್ಹಾ ಎಂದರೆ ನುಂಗಲ್ಪಟ್ಟವಳು ಎಂದು ಕರೆಯುತ್ತಾರೆ. ಹಿಂದಿನ ಪೂಜಾರಿಣಿಯೇ ಮರಳಿ ಹುಟ್ಟಿದ್ದಾಳೆ ಎಂಬ ನಂಬಿಕೆ. ಅವಳ ಹೆಸರೂ ಅರ್ಹಾ, ಅವಳ ಹಿಂದಿನವಳದೂ ಅದೇ. ಗಿಲಿಯಡ್‌ಗೆ ಹದಿನಾಲ್ಕು ವರ್ಷ ಮುಂಚೆಯೇ ಅದೇ ಯಂತ್ರ, ಗೌರವದ ಉಡುಪಿನಲ್ಲಿ. ಇನ್ನೂ ಮುಂದೆ, ‘ಡ್ರಾಗನ್‌ಫ್ಲೈ’ ಎಂಬ ನೀಳ್ಗತೆಯಲ್ಲಿ, ಹಳ್ಳಿಯ ಮಾಟಗಾತಿಯೊಬ್ಬಳು ಹುಡುಗಿಗೆ ಐರಿಯನ್ ಎಂದು ನಿಜನಾಮ ಕೊಟ್ಟಾಗ ಅವಳು ಸಿಟ್ಟಿಗೇಳುತ್ತಾಳೆ. ಅದು ತನ್ನ ಅಪ್ಪನ ಪಾಳುಬಿದ್ದ ಜಮೀನಿನ ಹೆಸರೇ ಆಗಿತ್ತು. ಬೇರೆ ಕೊಡೆಂದರೆ ಕೊಡಲು ಮಾಟಗಾತಿಯ ಬಳಿ ಏನೂ ಇಲ್ಲ. ಮೂರು ದಶಕ ಕಾಪಾಡಿಕೊಂಡು ಬಂದ ತಮ್ಮದೇ ಪದ್ಧತಿಯಲ್ಲಿ ಬೇಡವೆನ್ನಲು ದಾರಿಯಿಲ್ಲ ಎಂಬ ಬಿರುಕನ್ನು ಲೇಖಕಿ ಇಲ್ಲಿ ತಾವೇ ತೋರಿಸಿದರು.

ಇದೆಲ್ಲ ಕಥೆಯ ಮೇಲೆ ರಾಜಕೀಯ ಹೇರುವ ಕೆಲಸ, ಹೆಸರುಗಳು ಮೂಲತಃ ನಾದದ ಸುಖಕ್ಕೆ ಎಂಬ ಆಕ್ಷೇಪ ಬರುತ್ತದೆ. ಅದಕ್ಕೆ ಬೆಂಬಲವಾಗಿ ಫ್ಯಾಂಟಸಿ ಲೇಖಕ ಟೋಲ್ಕಿನ್ ಅವರನ್ನು ನಿಲ್ಲಿಸುತ್ತಾರೆ. ಆಕ್ಷೇಪ ಹಗುರವಲ್ಲ. ಅವರು ಭಾಷೆಗಳನ್ನು ಮೊದಲು ಕಟ್ಟಿ, ಅವುಗಳನ್ನಾಡುವ ಜನರಿಗಾಗಿ ಕಥೆ ಕಟ್ಟಿದವರು. ಆದರೆ ಅವರ ಲೋಕದೊಳಗೇ ಇಣುಕಿದರೆ ನಾದದ ಜೊತೆ ಹಕ್ಕಿನ ಲೆಕ್ಕವೂ ಕಾಣುತ್ತದೆ. ಅವರ ಕುಬ್ಜರು ತಮ್ಮ ಒಳಹೆಸರನ್ನು ಅನ್ಯರಿಗೆ ಹೇಳುವುದೇ ಇಲ್ಲ, ಗೋರಿಯ ಮೇಲೂ ಕೊರೆಸುವುದಿಲ್ಲ. ನಾವು ಓದುವ ಗಿಮ್ಲಿ, ಥೋರಿನ್ ಎಲ್ಲ ಹೊರಗಿನವರಿಗಾಗಿ ಇಟ್ಟುಕೊಂಡವು. ಎಲ್ಫ್ ಜನರಲ್ಲಿ ತಂದೆ ಇಟ್ಟದ್ದೊಂದು, ಮುಂಗಾಣ್ಕೆಯಿಂದ ತಾಯಿ ಇಟ್ಟದ್ದೊಂದು ಹೆಸರು. ಅರಗಾರ್ನ್ ಬ್ರೀ ಊರಿನವರ ಬಾಯಲ್ಲಿ ಸ್ಟ್ರೈಡರ್, ಅಂದರೆ ದಾಪುಗಾಲಿನವ. ಅದು ಕೊಂಚ ಅನುಮಾನದಿಂದ ಇಟ್ಟ ಅಡ್ಡಹೆಸರು. ರಾಜನಾದ ಮೇಲೆ ಅದನ್ನೇ ಹಳೆಯ ಭಾಷೆಗೆ ತಿರುಗಿಸಿ ತನ್ನ ವಂಶದ ಹೆಸರು ಮಾಡಿಕೊಳ್ಳುತ್ತಾನೆ. ಬೂದು ಹುಳುವಿನ ಅಣ್ಣ ಇವನು. ಹಾಗೆ ನೋಡಿದರೆ ಟೋಲ್ಕಿನ್ ಲೋಕದ ಹುಳುಕು ಬಯಲಾಗುವುದೂ ಇದೇ ಅಳತೆಗೋಲಿನಿಂದ. ಕುಬ್ಜರಿಗೆ ಗುಟ್ಟಿನ ಹೆಸರಿಟ್ಟ ಲೇಖಕ ಶತ್ರುಪಡೆಯ ಆರ್ಕ್‌ಗಳ ಹೆಂಗಸು, ಮಕ್ಕಳು, ನಾಮಕರಣಗಳ ಬಗ್ಗೆ ಕಥೆಯೊಳಗೆ ಏನನ್ನೂ ತೋರಿಸುವುದಿಲ್ಲ. ಕೊಲ್ಲಲು ಸುಲಭವಾಗುವಂತೆ ಹಾಗೆ ಮಾಡಿದ್ದೆಂಬ ಅನುಮಾನವನ್ನು ಪೂರ್ತಿ ತಳ್ಳಿಹಾಕಲಾಗದು.

ಗುಂಪುಗಳ ಹೆಸರಿಗೆ ಬಂದಾಗ ಹಕ್ಕಿನ ಪ್ರಶ್ನೆ ತೊಡಕಾಗುತ್ತದೆ, ಏಕೆಂದರೆ ವ್ಯಕ್ತಿ ತನ್ನ ಹೆಸರನ್ನು ತಿದ್ದಿಕೊಂಡರೆ ಎದುರಿಗಿರುವವರಿಗೆ ಹೇಳಬಹುದು; ಒಂದು ಜನಾಂಗ ದೂರದ ಊರಿನ ಬಾಯಿಗಳನ್ನು ತಿದ್ದಲು ಹೋಗಲಾಗದು. ಜೊನಾಥನ್ ಸ್ವಿಫ್ಟ್ 1726ರಲ್ಲೇ ಇದನ್ನು ಅರ್ಥಮಾಡಿಕೊಂಡಿದ್ದ. ಗಲಿವರ್ ತಲುಪುವ ಕುದುರೆಗಳ ನಾಡಿನಲ್ಲಿ ಮನುಷ್ಯಾಕಾರದ ಪ್ರಾಣಿಗಳಿಗೆ ಯಾಹೂ ಎಂದು ಹೆಸರು. ವಿವೇಕದ ಪ್ರತಿರೂಪಗಳಾದ ಆ ಕುದುರೆಗಳ ಭಾಷೆಯಲ್ಲಿ ಕೆಟ್ಟದ್ದು ಎಂಬುದಕ್ಕೆ ಬೇರೆ ಪದವಿಲ್ಲ. ಆಳಿನ ತಪ್ಪಿರಲಿ, ಕಾಲಿಗೆ ಚುಚ್ಚಿದ ಕಲ್ಲಿರಲಿ, ಕೆಟ್ಟ ಹವೆಯಿರಲಿ, ಅದರ ಹೆಸರಿಗೆ ಯಾಹೂ ಎಂದು ಸೇರಿಸಿಬಿಟ್ಟರೆ ಮುಗಿಯಿತು. ಒಂದು ಜನವರ್ಗದ ಹೆಸರೇ ಬೈಗುಳದ ಪ್ರತ್ಯಯವಾದ ಮೇಲೆ ಆ ವರ್ಗದವನೊಬ್ಬ ಎಷ್ಟು ಒಳ್ಳೆಯವನಾದರೂ ಆಗುವುದು ಒಳ್ಳೆಯ ಯಾಹೂ ಮಾತ್ರ, ಗಲಿವರ್ ಆದಂತೆ. ಇಂಥ ಉದಾಹರಣೆ ಹುಡುಕಲು ಕನ್ನಡದ ಓದುಗ ಸ್ವಿಫ್ಟ್‌ನವರೆಗೆ ಹೋಗಬೇಕಾಗಿಲ್ಲ. ಜಾತಿಯ ಹೆಸರನ್ನು ಬೈಗುಳವಾಗಿ ಬಳಸುವ ಚಾಳಿ ನಮ್ಮ ಬೀದಿಗಳಲ್ಲೇ ಇದೆ. ಮಾರ್ಟಿನ್ ಲೋಕದಲ್ಲಿ ಗಡಿಗೋಡೆಯ ದಕ್ಷಿಣದವರು ಉತ್ತರದ ಜನರನ್ನು ಕಾಡಾಡಿಗಳು ಎನ್ನುತ್ತಾರೆ. ಅವರು ತಮ್ಮನ್ನು ಸ್ವತಂತ್ರ ಜನ ಎಂದುಕೊಂಡು ದಕ್ಷಿಣದವರನ್ನು ಮಂಡಿಯೂರುವವರು ಎನ್ನುತ್ತಾರೆ. ಇಲ್ಲಿ ಎರಡು ಕಡೆಗೂ ನಾಲಿಗೆಯಿದೆ ಎಂಬುದೇ ಸ್ವಿಫ್ಟ್‌ನ ನಾಡಿಗೂ ಇದಕ್ಕೂ ಇರುವ ವ್ಯತ್ಯಾಸ. ಗುಂಪಿನ ಹೆಸರಿನಲ್ಲಿ ನಿಂದೆಯಿದೆಯೋ ಸ್ತುತಿಯಿದೆಯೋ ಎಂಬುದು ಮುಖ್ಯವಲ್ಲ ಎಂಬುದನ್ನು ನಮ್ಮ ದೇಶದ ಚರಿತ್ರೆಯೇ ಯಾವ ಕಾದಂಬರಿಗಿಂತಲೂ ಚೆನ್ನಾಗಿ ತೋರಿಸಿದೆ. ಗಾಂಧೀಜಿ ಪ್ರಚಾರಕ್ಕೆ ತಂದ ‘ಹರಿಜನ’ ಎಂಬ ಹೆಸರಿನಲ್ಲಿ ದೇವರೇ ಇದ್ದಾನೆ, ಸದುದ್ದೇಶವೂ ಇದೆ. ಆದರೂ ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ತುಳಿಯಲ್ಪಟ್ಟವರು ಎಂಬರ್ಥದ ‘ದಲಿತ’ ಎಂಬ ಪದವನ್ನು ಚಳವಳಿ ತಾನಾಗಿ ಎತ್ತಿಕೊಂಡಿತು. ಕರ್ನಾಟಕದಲ್ಲಿ ಎಪ್ಪತ್ತರ ದಶಕದ ದಲಿತ ಸಂಘರ್ಷ ಸಮಿತಿ ಅದನ್ನು ಹಳ್ಳಿಹಳ್ಳಿಗೆ ಒಯ್ದಿತು. ಇಂಪಾದ ದಾನವನ್ನು ತಿರಸ್ಕರಿಸಿ ಕಹಿಯಾದ ಸ್ವಂತದ್ದನ್ನು ಆರಿಸಿಕೊಳ್ಳುವ ಈ ನಡೆ ಅರ್ಥವಾಗದವರಿಗೆ ಕಲ್ಪಿತ ಸಮಾಜಗಳ ಹೆಸರುಗಳೂ ಅರ್ಥವಾಗಲಾರವು.

ಹೊಸ ಗ್ರಹ, ಹೊಸ ದ್ವೀಪ ಕಟ್ಟುವವರಿಗಷ್ಟೇ ಈ ಮಾತು ಅನ್ವಯಿಸುತ್ತದೆ, ವಾಸ್ತವವಾದಿ ಕಾದಂಬರಿಕಾರ ಇದ್ದ ಹೆಸರುಗಳನ್ನೇ ಎತ್ತಿಕೊಳ್ಳುತ್ತಾನೆ ಎನ್ನಬಹುದು. ಆದರೆ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ (1965) ದೂರ್ವಾಸಪುರವನ್ನು ನೋಡಿ. ಅದೂ ಕಲ್ಪಿತ ಅಗ್ರಹಾರವೇ. ಪ್ರಾಣೇಶಾಚಾರ್ಯ, ಗರುಡಾಚಾರ್ಯ, ಲಕ್ಷ್ಮಣಾಚಾರ್ಯ, ದಾಸಾಚಾರ್ಯ, ಪದ್ಮನಾಭಾಚಾರ್ಯ ಎಂದು ಒಂದೇ ಅಚ್ಚಿನಿಂದ ಬಂದ ಸಾಲು. ಆ ಸಾಲಿನ ನಡುವೆ ಹೆಣವಾಗಿ ಮಲಗಿದವನ ಹೆಸರು ಬರೀ ನಾರಣಪ್ಪ. ಬ್ರಾಹ್ಮಣರಲ್ಲಿ ಇಲ್ಲದ ಹೆಸರೇನಲ್ಲ ಅದು. ಕುಮಾರವ್ಯಾಸನ ಹೆಸರೂ ನಾರಣಪ್ಪನೆಂದೇ ಪರಂಪರೆ ಹೇಳುತ್ತದೆ. ಆದರೆ ಈ ಊರಿನಲ್ಲಿ, ಈ ಸಾಲಿನಲ್ಲಿ, ಆಚಾರ್ಯತ್ವ ಕಳಚಿಕೊಂಡು ನಿಂತ ಹೆಸರು ಅದು. ಅವನು ಬ್ರಾಹ್ಮಣನೋ ಅಲ್ಲವೋ, ಅವನ ಸಂಸ್ಕಾರ ಮಾಡಬೇಕಾದವರು ಯಾರು ಎಂದು ಊರು ಪೂರ್ತಿ ತಲೆಕೆಡಿಸಿಕೊಳ್ಳುವ ಮೊದಲೇ ಹೆಸರುಗಳ ಪಟ್ಟಿ ಆ ಪ್ರಶ್ನೆಯನ್ನು ಎತ್ತಿಯಾಗಿದೆ. ಅವನ ಜೊತೆ ಬಾಳಿದ ಚಂದ್ರಿಗೆ ಹೆಸರಿನ ಹಿಂದೆ ಊರಿಲ್ಲ, ಮುಂದೆ ಉಪನಾಮವಿಲ್ಲ. ಕೇರಿಯ ಬೆಳ್ಳಿಗೂ ಇಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕೂಡ ಹೀಗೆಯೇ: ಹಳೆಮನೆ ಸುಬ್ಬಣ್ಣ ಹೆಗ್ಗಡೆ, ಸಿಂಬಾವಿ ಭರಮೈ ಹೆಗ್ಗಡೆ ಎಂದು ಧಣಿಗಳ ಹೆಸರು ಮನೆಯಿಂದ ಶುರುವಾಗಿ ಪದವಿಯಲ್ಲಿ ಮುಗಿಯುತ್ತದೆ, ಆಳುಗಳು ಗುತ್ತಿ, ತಿಮ್ಮಿ, ಐತ. ಗುತ್ತಿಗೆ ಮನೆತನದ ಹೆಸರಿನ ಜಾಗದಲ್ಲಿ ಇರುವುದು ಬೆನ್ನು ಬಿಡದ ನಾಯಿ, ಅವನು ನಾಯಿಗುತ್ತಿ. ಕುವೆಂಪು ಆ ಹೆಸರನ್ನು ತಿದ್ದಲು ಹೋಗಲಿಲ್ಲ. ಆ ಹುಲಿಯ ಎಂಬ ನಾಯಿಗೆ, ಆ ಗುತ್ತಿಗೆ ಕಾದಂಬರಿಯ ಅರ್ಧ ಪ್ರಾಣವನ್ನು ಕೊಟ್ಟರು.

ಬಲವಾದ ಆಕ್ಷೇಪ ಇನ್ನೂ ಉಳಿದಿದೆ. ಪದ್ಧತಿಯೆಂದರೆ ಎಲ್ಲರೂ ಪಾಲಿಸುವಂಥದ್ದು. ಬೇಡವೆನ್ನುವ ಹಕ್ಕು ಎಲ್ಲರಿಗೂ ಕೊಟ್ಟರೆ ಪದ್ಧತಿ ಉಳಿಯುವುದೆಲ್ಲಿ? ತೆರಿಗೆ, ಆಸ್ತಿ, ನ್ಯಾಯ ಎಲ್ಲದಕ್ಕೂ ಸ್ಥಿರವಾದ ಹೆಸರು ಬೇಕು. ಸ್ಥಿರವಾದ ಉಪನಾಮಗಳು ಬಹುಪಾಲು ರಾಜ್ಯಗಳ ಅನುಕೂಲಕ್ಕಾಗಿ ಹುಟ್ಟಿದವು ಎಂಬುದನ್ನು ಜೇಮ್ಸ್ ಸ್ಕಾಟ್ ಎಂಬ ವಿದ್ವಾಂಸ ವಿವರವಾಗಿ ತೋರಿಸಿದ್ದಾನೆ. 1849ರಲ್ಲಿ ಫಿಲಿಪೈನ್ಸ್‌ನ ಸ್ಪ್ಯಾನಿಷ್ ಗವರ್ನರ್ ಕ್ಲಾವೇರಿಯಾ ಉಪನಾಮಗಳ ಅಕಾರಾದಿ ಪಟ್ಟಿಯನ್ನೇ ಅಚ್ಚು ಹಾಕಿಸಿ ಊರೂರಿಗೆ ಹಂಚಿಸಿದ. ಇಡೀ ಊರಿನ ಉಪನಾಮಗಳು ಒಂದೇ ಅಕ್ಷರದಿಂದ ಶುರುವಾಗುವ ಊರುಗಳು ಅಲ್ಲಿ ಹಾಗೆ ಹುಟ್ಟಿಕೊಂಡವು. ಯಾವನಾದರೂ ಫ್ಯಾಂಟಸಿ ಲೇಖಕ ಇದನ್ನು ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು. ಆದರೆ ಬೇಡವೆನ್ನುವ ಹಕ್ಕಿದ್ದ ಮಾತ್ರಕ್ಕೆ ಪದ್ಧತಿ ಕುಸಿದುಬೀಳುವುದಿಲ್ಲ. ಮಾರ್ಟಿನ್ ಲೋಕದಲ್ಲಿ ಕುಲೀನರ ಮದುವೆಯಾಚೆಗಿನ ಮಕ್ಕಳಿಗೆ ತಂದೆಯ ಹೆಸರಿಲ್ಲ, ಸೀಮೆಯ ಹೆಸರು: ಉತ್ತರದಲ್ಲಿ ಸ್ನೋ, ಡಾರ್ನ್‌ನಲ್ಲಿ ಸ್ಯಾಂಡ್, ನದಿಸೀಮೆಯಲ್ಲಿ ರಿವರ್ಸ್. ತಪ್ಪಿತಸ್ಥ ತಂದೆಯ ಹೆಸರನ್ನು ಮುಚ್ಚಿ, ಮಗುವಿನ ಹುಟ್ಟನ್ನು ಡಂಗುರ ಹೊಡೆಯುವ ಏರ್ಪಾಡು ಅದು. ಅದಕ್ಕೊಂದು ಕಿಟಕಿಯೂ ಇದೆ, ರಾಜಾಜ್ಞೆ. ರಾಮ್ಸೆ ಸ್ನೋ ಆ ಕಿಟಕಿಯಿಂದ ನುಸುಳಿ ಬೋಲ್ಟನ್ ಆಗುತ್ತಾನೆ; ಜಾನ್ ಸ್ನೋ ಎದುರಿಗೆ ಸ್ಟಾನಿಸ್ ರಾಜ ಸ್ಟಾರ್ಕ್ ಎಂಬ ಹೆಸರನ್ನೂ ತಂದೆಯ ಕೋಟೆಯನ್ನೂ ಒಟ್ಟಿಗೆ ಇಟ್ಟಾಗ ಅವನು ಬೇಡವೆನ್ನುತ್ತಾನೆ. ಇಬ್ಬರಿಗೂ ಆಯ್ಕೆ ಇತ್ತು, ಪದ್ಧತಿಗೆ ಏನೂ ಆಗಲಿಲ್ಲ. ಆದದ್ದು ಇಷ್ಟೇ: ಅಲ್ಲಿಂದ ಮುಂದೆ ಸ್ನೋ ಎಂಬುದು ಜಾನ್ ಹೊತ್ತ ಕಳಂಕವಲ್ಲ, ಅವನು ಇಟ್ಟುಕೊಂಡ ಹೆಸರು.

ನಿರಾಕರಣೆಯನ್ನು ಕೊನೆಯವರೆಗೆ ಎಳೆದರೆ ಏನಾಗುತ್ತದೆಂದು ಲೆ ಗ್ವಿನ್ 1985ರ ಒಂದು ಪುಟ್ಟ ಕಥೆಯಲ್ಲಿ ಪ್ರಯೋಗ ಮಾಡಿ ನೋಡಿದ್ದಾರೆ, ‘ಷಿ ಅನ್‌ನೇಮ್ಸ್ ದೆಮ್’ ಎಂಬುದು. ಆದಾಮ ಪ್ರಾಣಿಗಳಿಗಿಟ್ಟ ಹೆಸರುಗಳನ್ನು ಅವನ ಹೆಂಡತಿ ಒಂದೊಂದಾಗಿ ಬಿಡಿಸುತ್ತಾಳೆ. ಯಾಕ್‌ಗಳು ಹಿರಿಯ ಹೆಣ್ಣುಗಳ ಸಭೆ ಸೇರಿಸಿ, ಈ ಹೆಸರು ಬೇರೆಯವರಿಗೆ ಉಪಯೋಗವಿರಬಹುದು, ನಮಗೆ ಬೇಕಾಗಿಲ್ಲ ಎಂಬ ತೀರ್ಮಾನಕ್ಕೆ ಬರುತ್ತವೆ. ಬೆಕ್ಕುಗಳು ತಮಗೆ ಬೇರೆಯವರಿಟ್ಟ ಹೆಸರು ಎಂದೂ ಇರಲೇ ಇಲ್ಲವೆನ್ನುತ್ತವೆ. ತಕರಾರು ಬರುವುದು ನಾಯಿಗಳಿಂದ, ಗಿಳಿ ಮತ್ತು ಮೈನಾಗಳಿಂದ: ಅವಕ್ಕೆ ತಮ್ಮ ಹೆಸರೆಂದರೆ ಪ್ರಾಣ. ವಿಷಯ ಜಾತಿಯ ಹೆಸರಿನದು, ತನಗೆ ಬೇಕಾದ ಸ್ವಂತ ಹೆಸರನ್ನು ಯಾರೂ ಇಟ್ಟುಕೊಳ್ಳಬಹುದು ಎಂದು ತಿಳಿಸಿದ ಮೇಲೆ ಅವೂ ಒಪ್ಪುತ್ತವೆ. ಎಲ್ಲ ಮುಗಿಸಿ ಅವಳು ತನ್ನ ಹೆಸರನ್ನೂ ಗಂಡನಿಗೆ ಹಿಂದಿರುಗಿಸಲು ಹೋದರೆ, ಏನೋ ಕೆಲಸದಲ್ಲಿ ಮುಳುಗಿರುವ ಅವನು ಅಲ್ಲೆಲ್ಲಾದರೂ ಇಡು ಎಂಬಂತೆ ಮಾತು ತೇಲಿಸಿ, ಊಟ ಯಾವಾಗ ಎಂದು ಕೇಳುತ್ತಾನೆ. ನಗು ಬರಿಸುವ ಆ ಪ್ರಸಂಗ ವಾದದ ದೃಷ್ಟಿಯಿಂದ ತುಂಬ ನಿಖರ: ಹೆಸರಿಟ್ಟವನಿಗೆ ತಾನು ಏನು ಕೊಟ್ಟಿದ್ದೆನೆಂಬ ನೆನಪೂ ಇಲ್ಲ. ಆದರೆ ಲೇಖಕಿ ಬೆಲೆಯನ್ನು ಬಚ್ಚಿಟ್ಟಿಲ್ಲ. ಹೆಸರುಗಳನ್ನು ಬಿಟ್ಟು ಹೊರಟವಳಿಗೆ ತನ್ನ ಮಾತುಗಳು ಮೊದಲಿನಂತೆ ಸಲೀಸಾಗಿ ಬರುವುದಿಲ್ಲ, ಪ್ರತಿಯೊಂದನ್ನೂ ಹೊಸದಾಗಿ ಆರಿಸಿ ಇಡಬೇಕಾಗುತ್ತದೆ. ಕಥೆ ಅಲ್ಲಿಗೆ ನಿಲ್ಲುತ್ತದೆ. ಮಾರನೆಯ ದಿನ ಅವಳು ಆ ಪ್ರಾಣಿಗಳಲ್ಲಿ ಒಂದನ್ನು ಕೂಗಿ ಕರೆಯಬೇಕಾದರೆ ಏನೆಂದು ಕರೆಯುತ್ತಾಳೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ, ಅನಾರಿಸ್‌ನ ಕಂಪ್ಯೂಟರ್ ಹನ್ನೊಂದು ವರ್ಷ ಮೊದಲೇ ಕೊಟ್ಟಿದ್ದ ಉತ್ತರವೊಂದನ್ನು ಬಿಟ್ಟರೆ.